ಬಯ್ಗುಳ ಸೈಲೆನ್ಸರಿಗೆ, ಭಯ ಸೀಟಿಗೆ

ಭಾನುವಾರ ಬೆಳಗಾದರೆ ಕನಕಪುರ, ಹಲಗೂರು ದಾಟಿ ಮಳವಳ್ಳಿಗೆ ಬರುವ 948ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೆಂಗಳೂರಿನ ಕಾರುಗಳದ್ದೇ ಸಾಲು. ಶಿವನಸಮುದ್ರದಲ್ಲಿ ನೀರು ಧುಮುಕುತ್ತಿದ್ದರೆ ಆ ಸಾಲು ಇನ್ನೂ ಉದ್ದ. ಅದರಲ್ಲಿ ನಾಲ್ಕಾರು ಕಾರುಗಳು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತವೆ. ಹೆದ್ದಾರಿ ಬಿಟ್ಟು ಬಂಡೂರಿನ ಕಡೆಗೆ ಒಳರಸ್ತೆ ಹಿಡಿದರೆ ಕುರಿಮಂದೆ ಎದುರಾಗುತ್ತದೆ. ಊರಿನ ಹೆಸರನ್ನೇ ಹೊತ್ತ, ಗಿಡ್ಡಗಾಲಿನ, ಮೈತುಂಬಿದ ಆ ಕುರಿಗಳು ಯಾವ ಬ್ರ್ಯಾಂಡಿನ ಸೈಲೆನ್ಸರಿಗೂ ಹೆದರಿ ದಾರಿ ಬಿಡುವುದಿಲ್ಲ. ಕಾರು ನಿಲ್ಲಬೇಕು, ನಿಂತಲ್ಲೇ ಗುಡುಗುತ್ತಿರಬೇಕು.

ಇವುಗಳಲ್ಲಿ ನಿಜಕ್ಕೂ ಸ್ಪೋರ್ಟ್ಸ್ ಕಾರು ಎನ್ನಿಸಿಕೊಳ್ಳುವಂಥವು ಅಪರೂಪ. ಹೆಚ್ಚಿನವು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ, ಸ್ಕೋಡಾ ಆಕ್ಟೇವಿಯಾ, ಹ್ಯುಂಡೈ ಐ20 ಎನ್ ಲೈನ್, ಇಲ್ಲವೇ 2000ದಲ್ಲಿ ಬಂದು ಬೆಂಗಳೂರಿನ ಒಂದು ತಲೆಮಾರಿನ ಹುಡುಗರಿಗೆ ಹುಚ್ಚು ಹಿಡಿಸಿದ ಹೋಂಡಾ ಸಿಟಿ ವಿಟೆಕ್. ಇದರಲ್ಲಿ ನಗುವಂಥದ್ದೇನೂ ಇಲ್ಲ. ಭಾರತದಲ್ಲೇ ಹುಟ್ಟಿದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ಕಾರಿಗೆ ಇದ್ದದ್ದು 60 ಕುದುರೆ ಶಕ್ತಿಯ ರೆನೊ ಎಂಜಿನ್ನು. ಹೋಂಡಾ ಸಿಟಿ ವಿಟೆಕ್‌ಗೆ 106. ಓಡಿಸುವವನಿಗೆ ಖುಷಿ ಕೊಟ್ಟರೆ ಅದು ಸ್ಪೋರ್ಟ್ಸ್ ಕಾರೇ ಎಂದಿಟ್ಟುಕೊಳ್ಳೋಣ. ಪ್ರಶ್ನೆ ಇರುವುದು ಆಮೇಲೆ ಅದಕ್ಕೆ ಮಾಡಿಸುವ ಕೆಲಸಗಳದ್ದು. ಅವುಗಳಲ್ಲಿ ಎರಡಕ್ಕೆ ಎಲ್ಲಿಲ್ಲದ ಬೇಡಿಕೆ: ಹೊರಗಿನ ಸೈಲೆನ್ಸರು, ರೇಸಿಂಗ್ ಸೀಟು.

ಸೈಲೆನ್ಸರ್ ಹಾಕಿಸಿದವನನ್ನು ಊರೆಲ್ಲ ಬಯ್ಯುತ್ತದೆ. ಸೀಟು ಹಾಕಿಸಿದವನನ್ನು ಯಾರೂ ಬಯ್ಯುವುದಿಲ್ಲ, ಪರವಾಗಿಲ್ಲ, ಸೇಫ್ಟಿ ಬಗ್ಗೆ ಯೋಚನೆ ಇದೆ ಎನ್ನುತ್ತಾರೆ. ನನ್ನ ಲೆಕ್ಕ ಇದಕ್ಕೆ ತಿರುವುಮುರುವು. ಸೈಲೆನ್ಸರಿನದ್ದು ಕಿರಿಕಿರಿ, ಸೀಟಿನದ್ದು ಗಂಡಾಂತರ.

ಮೊದಲು ಸೈಲೆನ್ಸರು. ಕಂಪನಿಯಿಂದ ಬಂದ ಹಿಂಬದಿಯ ಡಬ್ಬವನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕಟಿಂಗ್ ವೀಲ್ ಇಟ್ಟು ಸೀಳಿದರೆ ಒಳಗೆ ಒಂದು ಪುಟ್ಟ ಮನೆಯೇ ಇರುತ್ತದೆ. ಮೂರು ಕೋಣೆ, ನಡುವೆ ತಗಡಿನ ಗೋಡೆ, ಗೋಡೆ ತೂರಿ ಹೋಗುವ ತೂತುತೂತಿನ ಕೊಳವೆಗಳು. ಹೊಗೆ ಮೊದಲ ಕೋಣೆಗೆ ನುಗ್ಗಿ, ತಿರುಗಿ, ಹಿಂದಕ್ಕೆ ಬಂದು, ಮತ್ತೆ ತಿರುಗಿ ಆಚೆ ಹೋಗಬೇಕು. ಆ ಸುತ್ತಾಟದಲ್ಲೇ ಸದ್ದಿನ ಅಲೆ ತನ್ನದೇ ಪ್ರತಿಫಲನಕ್ಕೆ ಡಿಕ್ಕಿ ಹೊಡೆದು ಸಾಯುವುದು. ಇದರ ಜಾಗದಲ್ಲಿ ಕೂರಿಸುವ ಹೊರಗಿನ ಡಬ್ಬದಲ್ಲಿ ಇರುವುದು ನೇರವಾದ, ತೂತುತೂತಿನ ಒಂದೇ ಕೊಳವೆ, ಅದರ ಸುತ್ತ ಗಾಜಿನ ನಾರಿನ ಹೊದಿಕೆ. ಹೊಗೆಗೆ ತಡೆಯಿಲ್ಲ, ಸದ್ದಿಗೂ ಇಲ್ಲ. ವರ್ಷಗಳುರುಳಿದಂತೆ ಆ ನಾರು ಸುಟ್ಟು, ಉದುರಿ, ಬಾಯಿಂದ ಹಾರಿ ಹೋಗುತ್ತದೆ. ಹೊಸದರಲ್ಲಿ ಗಂಭೀರವಾಗಿದ್ದ ಕಾರು ಆಮೇಲೆ ಒರಟಾಗಿ ಒದರುವುದು ಇದರಿಂದಲೇ.

ಇದರಿಂದ ಕುದುರೆ ಎಷ್ಟು ಹೆಚ್ಚುತ್ತದೆ? ಮಾರುವವನು ಹತ್ತು ಎನ್ನುತ್ತಾನೆ. ನೂರು ಚಿಲ್ಲರೆ ಕುದುರೆಯ, ಟರ್ಬೊ ಇಲ್ಲದ ಕಾರಿಗೆ ಹಿಂದಿನ ಡಬ್ಬ ಒಂದನ್ನೇ ಬದಲಿಸಿದರೆ ಒಂದೆರಡು ಸಿಕ್ಕರೂ ಪುಣ್ಯ. ಎಂಜಿನ್ನಿನ ಉಸಿರು ಕಟ್ಟುವ ಜಾಗ ಅದಲ್ಲ. ಅದು ಇರುವುದು ಮುಂದೆ, ಎಂಜಿನ್ನಿನಿಂದ ಹೊಗೆ ಹೊರಬೀಳುವ ಕೊಳವೆಗಳಲ್ಲಿ, ಅದರ ಬೆನ್ನಿಗೇ ಇರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ. ಟರ್ಬೊ ಕಾರಿನಲ್ಲಿ ಆ ಮುಂಭಾಗ ಬಿಡಿಸಿ, ಎಂಜಿನ್ನಿನ ಕಂಪ್ಯೂಟರಾದ ಇಸಿಯುವನ್ನೂ ಹೊಸದಾಗಿ ಬರೆಸಿದರೆ ಶಕ್ತಿ ಹೆಚ್ಚುವುದು ನಿಜ. ಆದರೆ ಅಲ್ಲಿಗೆ ಕೈಹಾಕಿದ ಕೂಡಲೇ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಜೇನುಗೂಡಿನಂಥ ಪಿಂಗಾಣಿ ಆಚೆ ಬೀಳುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದದ್ದು ಯಾವ ಹೊಗೆಯನ್ನು ತಡೆಯಲೋ ಆ ಹೊಗೆ ಹಿಂದೆ ಬರುವ ಟಿವಿಎಸ್ ಸವಾರನ ಮೂಗಿಗೆ ಹೋಗುತ್ತದೆ. ಇದನ್ನು ಟ್ಯೂನಿಂಗ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಸದ್ದಿಗೂ ಶಕ್ತಿಗೂ ನಂಟು ಇಲ್ಲ ಎನ್ನಲು ದೊಡ್ಡ ಸಾಕ್ಷಿ ಫಾರ್ಮುಲಾ ಒನ್‌ನಲ್ಲೇ ಇದೆ. 2014ರಲ್ಲಿ ಅದು 2.4 ಲೀಟರಿನ ವಿ8 ಬಿಟ್ಟು 1.6 ಲೀಟರಿನ ಟರ್ಬೊ ಹೈಬ್ರಿಡ್ ವಿ6ಕ್ಕೆ ಬಂತು. ಸದ್ದು ತಗ್ಗಿತು, ಪ್ರೇಕ್ಷಕರು ಗೊಣಗಿದರು. ಗೊಣಗಾಟ ಎಷ್ಟಿತ್ತೆಂದರೆ ಅದೇ ವರ್ಷ ಬಾರ್ಸಿಲೋನಾದ ಪರೀಕ್ಷೆಯಲ್ಲಿ ಮರ್ಸಿಡಿಸ್ ತಂಡ ಕಾರಿನ ಹಿಂದೆ ಕಹಳೆಯಂಥ ಬಾಯೊಂದನ್ನು ಕಟ್ಟಿ ನೋಡಿತು, ಪ್ರಯೋಜನವಾಗಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಈ ತಗ್ಗಿದ ದನಿಯ ಕಾರುಗಳು ಹಲವು ಟ್ರ್ಯಾಕುಗಳಲ್ಲಿ ಹಳೆಯ ದಾಖಲೆಗಳನ್ನು ಅಳಿಸಿಹಾಕಿದವು.

ಹಾಗೆಂದು ಸದ್ದಿನ ಸುಖವೇ ಸುಳ್ಳು ಎನ್ನಲಾರೆ. ಮೈಸೂರಿನ ಕಾರ್ಖಾನೆಯಿಂದ ಬಂದ ಯೆಜ್ಡಿ ಬೈಕಿನ ಜೋಡಿ ಸೈಲೆನ್ಸರಿನ ಸದ್ದು ಕೇಳಿಯೇ ಯಾರ ಗಾಡಿ ಬಂತೆಂದು ಹೇಳುತ್ತಿದ್ದ ಜನ ಮಂಡ್ಯ ಸೀಮೆಯವರು. ಆರ್‌ಎಕ್ಸ್ 100 ಬೈಕನ್ನು ಇವತ್ತಿಗೂ ಮಗನಿಗಿಂತ ಹೆಚ್ಚು ಜೋಪಾನ ಮಾಡುವವರು ಇಲ್ಲಿದ್ದಾರೆ. ಒಳ್ಳೆಯ ಎಂಜಿನ್ನು ಏರುತ್ತಾ ಹೋಗುವಾಗ ದನಿಯೂ ಜತೆಗೆ ಏರಬೇಕು, ಕಾಲು ತೆಗೆದಾಗ ಸುಮ್ಮನಾಗಬೇಕು. ವಿಟೆಕ್ ಎಂಜಿನ್ನು ಮೇಲಿನ ಸುತ್ತುಗಳಲ್ಲಿ ಕವಾಟದ ಲೆಕ್ಕ ಬದಲಿಸಿದಾಗ ದನಿ ಒಡೆದು ಇನ್ನೊಂದಾಗುವ ಕ್ಷಣ ನಿಜಕ್ಕೂ ಚೆಂದ. ಆದರೆ ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಸಲ ಸಿಡಿಯುತ್ತದೆ. ಹೆದ್ದಾರಿಯ ವೇಗ ಬರುವುದೂ ಅಲ್ಲೇ ಆಸುಪಾಸಿನಲ್ಲಿ. ನೇರ ಕೊಳವೆಯ ಡಬ್ಬ ಆ ನೂರರ ದನಿಯನ್ನು ಕಾರಿನೊಳಕ್ಕೆ ತುಂಬುತ್ತದೆ. ಬೆಂಗಳೂರಿನಿಂದ ಮದ್ದೂರಿಗೆ ಬರುವಷ್ಟರಲ್ಲಿ ಹೆಂಡತಿ ಮಾತು ಬಿಟ್ಟಿರುತ್ತಾಳೆ, ಮದ್ದೂರು ವಡೆಯೂ ರಾಜಿ ಮಾಡಿಸಲಾರದು. ಇನ್ನು ಕಾಲು ತೆಗೆದಾಗ ಪಟಪಟ ಪಟಾಕಿ ಹೊಡೆಯುವಂತೆ ಇಸಿಯು ಬರೆಸುವ ಚಟವೊಂದಿದೆ. ಸುಡಬೇಕಾದ ಪೆಟ್ರೋಲನ್ನು ಎಂಜಿನ್ನಿನಲ್ಲಿ ಸುಡದೆ ಕೊಳವೆಯಲ್ಲಿ ಸುಡುವ ಈ ಕಲೆಗೆ ನನ್ನಿಂದ ಒಂದಂಕವೂ ಇಲ್ಲ.

ಕಾನೂನು ಸ್ಪಷ್ಟವಾಗಿಯೇ ಇದೆ. ಹೊಸ ಕಾರು ಕಾರ್ಖಾನೆಯ ಪರೀಕ್ಷೆಯಲ್ಲಿ 74 ಡೆಸಿಬಲ್ ಮೀರಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಸದ್ದು, ಹೊಗೆಯ ತಪ್ಪಿಗೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆಯೂ ಆಗಬಹುದು. ಶಿವಮೊಗ್ಗ, ಉಡುಪಿಯಂಥ ಕಡೆ ಪೊಲೀಸರು ಕಳಚಿದ ಸೈಲೆನ್ಸರುಗಳನ್ನು ರಸ್ತೆ ಮೇಲೆ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದೂ ಆಗಿದೆ. ನೋಡಲು ಮಜವಾಗಿರುತ್ತದೆ. ಆದರೆ ರೋಲರಿನಡಿ ಬೀಳುವುದು ಹೆಚ್ಚಾಗಿ ಬೈಕಿನ ಹುಡುಗರ ಡಬ್ಬಗಳು, ಲಕ್ಷದ ಟೈಟಾನಿಯಂ ಸೈಲೆನ್ಸರಿನ ಕಾರುಗಳು ಅಲ್ಲಿ ಕಾಣುವುದು ಕಡಿಮೆ. ಅಂಥವಕ್ಕೆ ಒಳಗೊಂದು ಕವಾಟ, ಕೈಯಲ್ಲೊಂದು ರಿಮೋಟು. ಚೆಕ್‌ಪೋಸ್ಟ್ ಕಂಡಾಗ ಒತ್ತಿದರೆ ಕಾರು ಸಾಧು.

ಈಗ ಸೀಟಿಗೆ ಬರೋಣ, ಯಾಕೆಂದರೆ ಅದಕ್ಕೆ ಚೆಕ್‌ಪೋಸ್ಟಿನ ಕಾಟವೂ ಇಲ್ಲ.

ಕಂಪನಿಯ ಸೀಟು ಕಳಚುವುದು ಸುಲಭ. ನಾಲ್ಕು ಬೋಲ್ಟು ಬಿಚ್ಚಿ ಮುಂದಕ್ಕೆ ಮಗುಚಿದರೆ ಅಡಿಯಲ್ಲಿ ವೈರುಗಳ ಗೊಂಚಲು, ಅದರಲ್ಲಿ ಒಂದು ಹಳದಿ ಕನೆಕ್ಟರು. ಹಳದಿ ಎಂದರೆ ಏರ್‌ಬ್ಯಾಗಿನ ದಾರಿ. ಇತ್ತೀಚಿನ ಹಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗು ಇರುವುದು ಸೀಟಿನ ಬೆನ್ನಿನ ಹೊಲಿಗೆಯೊಳಗೆ. ಸೀಟು ಹೋದರೆ ಅದೂ ಹೋಯಿತು. ಬೆಲ್ಟಿನ ಬಕಲ್ ಕೂಡ ಎಷ್ಟೋ ಕಾರುಗಳಲ್ಲಿ ಸೀಟಿನ ಚೌಕಟ್ಟಿಗೇ ಅಂಟಿಕೊಂಡಿರುತ್ತದೆ. ಆ ಹಳದಿ ಕನೆಕ್ಟರು ಬಿಚ್ಚಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಆಗ ಅಂಗಡಿಯವನು ಏನು ಮಾಡುತ್ತಾನೆ? ಎರಡು ಮೂರು ಓಮಿನ ಪುಟ್ಟ ರೆಸಿಸ್ಟರ್ ಒಂದನ್ನು ಕನೆಕ್ಟರಿಗೆ ಸಿಕ್ಕಿಸಿ ಟೇಪು ಸುತ್ತುತ್ತಾನೆ. ಏರ್‌ಬ್ಯಾಗು ಇನ್ನೂ ಅಲ್ಲೇ ಇದೆ ಎಂದು ಕಂಪ್ಯೂಟರು ನಂಬುತ್ತದೆ, ದೀಪ ಆರುತ್ತದೆ, ಮಾಲೀಕ ಸಮಾಧಾನದಿಂದ ಹಣ ಎಣಿಸುತ್ತಾನೆ. ಇಡೀ ವ್ಯವಹಾರದಲ್ಲಿ ನನಗೆ ಅತ್ಯಂತ ಅಸಹ್ಯವಾದದ್ದು ಕಾಸಿಗೂ ಬಾಳದ ಆ ರೆಸಿಸ್ಟರು.

ರೇಸಿಂಗ್ ಸೀಟು ಕೆಟ್ಟದ್ದಲ್ಲ, ಅದು ಒಂದು ಪೂರ್ತಿ ಏರ್ಪಾಡಿನ ಒಂದು ತುಂಡು. ಫೈಬರಿನ ಗಟ್ಟಿ ಚಿಪ್ಪು, ಅದರ ತೂತುಗಳಲ್ಲಿ ತೂರಿ ಬರುವ ಐದಾರು ಪಟ್ಟಿಯ ಬೆಲ್ಟು, ಆ ಬೆಲ್ಟು ಕಟ್ಟಲು ರೋಲ್ ಕೇಜೆಂಬ ಉಕ್ಕಿನ ಪಂಜರ, ತಲೆಗೆ ಹೆಲ್ಮೆಟ್ಟು, ಕತ್ತು ಕಾಯಲು ಹಾನ್ಸ್ ಎಂಬ ಸಾಧನ. ಇವು ಒಂದನ್ನೊಂದು ನಂಬಿ ಕೂತಿವೆ. ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯ 8855-1999 ಎಂಬ ಗುರುತಿನ ಚೀಟಿ ಹೊತ್ತ ಸೀಟಿಗೆ ತಯಾರಾದ ದಿನದಿಂದ ಐದು ವರ್ಷದ ಆಯಸ್ಸು. ಆಮೇಲೆ ಅದನ್ನು ಸ್ಪರ್ಧೆಗೆ ಬಿಡುವುದಿಲ್ಲ. ಅಲ್ಲಿ ಅವಧಿ ಮುಗಿದ ಸೀಟು ಇಲ್ಲಿ ಯಾರದೋ ಕಾರಿನಲ್ಲಿ ಹೊಸ ಬಾಳು ಶುರುಮಾಡಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಸ್ಪಾರ್ಕೊ, ರೆಕಾರೊ ಎಂದು ಹೊಲಿಗೆ ಹಾಕಿದ ನಕಲಿಗಳು.

ಒಂದು ತುಂಡನ್ನಷ್ಟೇ ಕಿತ್ತು ತಂದು ಊರ ಕಾರಿನಲ್ಲಿ ಕೂರಿಸಿದರೆ ಏನಾಗುತ್ತದೆ ನೋಡಿ. ಕಂಪನಿಯ ಮೂರು ಪಟ್ಟಿಯ ಬೆಲ್ಟನ್ನೇ ಇಟ್ಟುಕೊಂಡರೆ ಸೊಂಟದ ಪಟ್ಟಿ ಸೀಟಿನ ಎತ್ತರದ ಅಂಚುಗಳ ಮೇಲೆ ಹಾದು ಸೊಂಟದ ಮೂಳೆ ಬಿಟ್ಟು ಹೊಟ್ಟೆಯ ಮೇಲೆ ನಿಲ್ಲುತ್ತದೆ. ಬೇಡ, ನಾಲ್ಕು ಪಟ್ಟಿ ಹಾಕಿಸೋಣ ಎಂದರೆ ಹೆಗಲ ಪಟ್ಟಿಗಳನ್ನು ಕಟ್ಟಲು ಕೇಜಿಲ್ಲ. ಸೀಟಿನ ಹಿಂದೆ ನೆಲಕ್ಕೆ ಬೋಲ್ಟು ಹೊಡೆಯುತ್ತಾರೆ. ಪಟ್ಟಿ ಕಡಿದಾಗಿ ಕೆಳಗಿಳಿಯುತ್ತದೆ, ಮುಂದಿನಿಂದ ಗುದ್ದಿದಾಗ ಹೆಗಲನ್ನು ಹಿಂದಕ್ಕೆ ಹಿಡಿಯುವ ಬದಲು ಕೆಳಕ್ಕೆ ಒತ್ತುತ್ತದೆ, ಪೆಟ್ಟು ಬೆನ್ನುಮೂಳೆಗೆ. ಕಾರು ಮಗುಚಿದರೆ ಇನ್ನೂ ಫಜೀತಿ. ಮಾಮೂಲಿ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ವಾಲಲು ಜಾಗವಿದೆ. ಇದರಲ್ಲಿ ಕೂತವನು ನೆಟ್ಟಗೇ ಕೂತಿರುತ್ತಾನೆ, ಮೇಲಿನಿಂದ ಚಾವಣಿ ಇಳಿಯುತ್ತದೆ.

ಹಿಂದಿನ ಸೀಟಿನ ವಿಚಾರ ಯಾರೂ ಎತ್ತುವುದಿಲ್ಲ. ಕಂಪನಿ ಮುಂದಿನ ಸೀಟಿನ ಬೆನ್ನನ್ನು ಮೆತ್ತಗೆ ಮಾಡಿರುವುದು ಹಿಂದೆ ಕೂತವನ ಮೊಣಕಾಲು, ತಲೆ ಬಡಿದರೆ ತಡೆದುಕೊಳ್ಳಲೆಂದು. ಬಕೆಟ್ ಎಂದೂ ಕರೆಯುವ ಈ ರೇಸಿಂಗ್ ಸೀಟಿನ ಬೆನ್ನು ಬರಿಯ ಗಟ್ಟಿ ಫೈಬರು. ಭಾನುವಾರ ಒಬ್ಬನೇ ಹೋಗುವ ಕಾರಿನಲ್ಲೇ ಸೋಮವಾರ ಮಗು ಸ್ಕೂಲಿಗೆ ಹೋಗುತ್ತದೆ. ಮಾದಪ್ಪನ ಬೆಟ್ಟಕ್ಕೆ ಹೊರಟ ಅಮ್ಮ ಸೀರೆಯುಟ್ಟು ಆ ಎತ್ತರದ ಅಂಚು ದಾಟಿ ಕೂರಲಾರದೆ ಬಸ್ಸೇ ವಾಸಿ ಎಂದರೆ ತಪ್ಪು ಅವರದ್ದಲ್ಲ.

ತೂಕ ಉಳಿಯುತ್ತದೆ ಎಂಬ ವಾದಕ್ಕೆ ಹೆಚ್ಚು ಮಾತು ಬೇಡ. ಸೀಟಿಗೆ ಹತ್ತು ಹನ್ನೆರಡು ಕಿಲೋ ಉಳಿದೀತು. ಪೆಟ್ರೋಲು ಅರ್ಧ ಟ್ಯಾಂಕ್ ಹಾಕಿಸಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ.

ಈ ಎರಡೂ ಸರಕಿಗೆ ಸರಿಯಾದ ಜಾಗ ಇಲ್ಲವೆಂದಲ್ಲ. ಮೈಸೂರಿನಲ್ಲಿ ದಸರಾ ಹೊತ್ತಿಗೆ ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ಗ್ರಾವೆಲ್ ಫೆಸ್ಟ್ ನಡೆದದ್ದಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಏಷ್ಯಾ ಪೆಸಿಫಿಕ್ ಮಟ್ಟದ ರ‍್ಯಾಲಿಯೇ ನಡೆದಿದೆ. ಅಂಥ ಕಡೆ ಕಾರಿನ ಗುಡುಗು ತಿರುವಿನಾಚೆ ನಿಂತ ಜನಕ್ಕೆ ಎಚ್ಚರಿಕೆಯೂ ಹೌದು. ಕೇಜು, ಬೆಲ್ಟು, ಹೆಲ್ಮೆಟ್ಟು ಎಲ್ಲ ಒಟ್ಟಿಗಿರುವ ಕಾರಿನಲ್ಲಿ ಬಕೆಟ್ ಸೀಟಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ನಮ್ಮ ಸೀಮೆಯವರಿಗೆ ಈ ವಿವೇಕ ಹೊಸದಲ್ಲ. ಜೋಡೆತ್ತಿನ ಓಟಕ್ಕೆ ಇಳಿಯುವ ಹಗುರ ಗಾಡಿಯೇ ಬೇರೆ, ಕಬ್ಬು ಹೇರುವ ಗಾಡಿಯೇ ಬೇರೆ. ಓಟದ ಗಾಡಿಗೆ ಯಾರೂ ಕಬ್ಬು ಹೇರಿದ್ದಿಲ್ಲ.

ನನ್ನ ಶಿಫಾರಸು ಕೇಳುವುದಾದರೆ, ಐ20 ಎನ್ ಲೈನ್ ಥರದ ಕಾರಿನಲ್ಲಿ ಕಂಪನಿಯೇ ಸದ್ದನ್ನು ಹದ ಮಾಡಿ ಕೊಟ್ಟ ಸೈಲೆನ್ಸರಿದೆ. ನಮ್ಮ ರಸ್ತೆಗೆ ಅಷ್ಟು ಸಾಕು, ವಾರಂಟಿಯೂ ಉಳಿಯುತ್ತದೆ. ಕೈಯಲ್ಲಿ ಇನ್ನೂ ದುಡ್ಡಿದ್ದರೆ ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ಲು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಮಿತಿ ಇರುವುದು ಗಂಟೆಗೆ ನೂರು ಕಿಲೋಮೀಟರು, ಅದನ್ನು ಕಾಯಲು ಕ್ಯಾಮೆರಾಗಳೂ ಇವೆ. ನೂರರಲ್ಲಿ ಬರುವ ಕಾರನ್ನು ನಿಲ್ಲಿಸುವುದು ಟೈರು. ಆದರೆ ಹೊಸ ಟೈರಿನ ಫೋಟೊ ತೆಗೆದು ಯಾರಿಗೆ ಕಳಿಸುವುದು?

ಸೀಟಿನಲ್ಲಿ ಒಂದು ವಿನಾಯಿತಿ ಕೊಡುತ್ತೇನೆ. 2001ರ ವಿಟೆಕ್ ಇಟ್ಟುಕೊಂಡವನ ಸೀಟಿನ ಸ್ಪಂಜು ಸತ್ತು ಹೋಗಿರುತ್ತದೆ, ತಿರುವಿನಲ್ಲಿ ಮೈ ಜಾರುತ್ತದೆ, ಸೀಟಿನೊಳಗೆ ಕಳೆದುಕೊಳ್ಳಲು ಏರ್‌ಬ್ಯಾಗೂ ಇಲ್ಲ. ಅಂಥವನು ಹಿಂದಕ್ಕೆ ವಾಲುವ, ಅಂಚು ತಗ್ಗಾದ, ಬೆನ್ನು ಮೆತ್ತಗಿರುವ ಸ್ಪೋರ್ಟ್ಸ್ ಸೀಟನ್ನು, ಆ ಕಾರಿಗೆಂದೇ ಮಾಡಿದ ಬ್ರಾಕೆಟ್ಟಿನ ಮೇಲೆ, ಕಂಪನಿಯ ಬೆಲ್ಟು ಸೊಂಟದ ಮೂಳೆಗೆ ಸರಿಯಾಗಿ ಕೂರುವುದನ್ನು ನೋಡಿಕೊಂಡು ಹಾಕಿಸಲಿ. ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್ ಕತ್ತರಿಸಿ ಬ್ರಾಕೆಟ್ಟು ಮಾಡಿಕೊಡುತ್ತೇನೆ ಎಂದರೆ ಹಳೆಯ ಸೀಟಿಗೇ ಹೊಸ ಸ್ಪಂಜು ಹಾಕಿಸಿಕೊಂಡು ಬರಲಿ.