ಸೇವಕನ ಕೀರ್ದಿ: ಜೆ. ಸಿ. ಕುಮಾರಪ್ಪನವರ ಮಾರ್ಗವನ್ನು ಕುರಿತು

ಲೋಕಸೇವೆಯನ್ನೇ ವೃತ್ತಿಯಾಗಿ ಕೈಕೊಂಡು, ಆ ವೃತ್ತಿಯ ಜೊತೆಜೊತೆಗೇ ಭೂಮಿಗೆ ಭಾರವಾಗದಂತೆ ಬಾಳಬೇಕೆಂದು ಸಂಕಲ್ಪಿಸುವ ತರುಣತರುಣಿಯರು ಇಂದು ನಮ್ಮಲ್ಲಿ ವಿರಳರಲ್ಲ. ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಉಡುಪು, ಆಹಾರ, ವಾಹನಗಳನ್ನು ಕುರಿತದ್ದು: ಏನನ್ನು ಬಿಡಬೇಕು, ಎಷ್ಟನ್ನು ಬಿಡಬೇಕು? ಪ್ರಶ್ನೆ ಸಾಧುವಾದದ್ದೇ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆಯೆಂಬುದೂ, ತಾನು ಬಳಸುವ ವಸ್ತು ಯಾರ ಗಂಟಿನಿಂದ ಬಂದದ್ದು ಎಂಬುದೇ ಆ ಪ್ರಶ್ನೆಯೆಂಬುದೂ ನನಗೆ ಮನದಟ್ಟಾದದ್ದು ಜೆ. ಸಿ. ಕುಮಾರಪ್ಪನವರ ಬಾಳನ್ನೂ ಬರಹವನ್ನೂ ಒಂದರ ಪಕ್ಕದಲ್ಲೊಂದನ್ನಿಟ್ಟು ಓದಿದಾಗ. ಅವರ ಮಾರ್ಗದ ಗುಣವನ್ನೂ ಮಿತಿಯನ್ನೂ ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ.

1892ರಲ್ಲಿ ತಂಜಾವೂರಿನ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿ, ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯ ಶಿಕ್ಷಣ ಪಡೆದು, ಮುಂಬಯಿಯಲ್ಲಿ ಆ ವೃತ್ತಿಯನ್ನು ಪ್ರತಿಷ್ಠೆಯಿಂದ ನಡೆಸಿ, ಅನಂತರ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ರಾಜಸ್ವಶಾಸ್ತ್ರವನ್ನು ಅಭ್ಯಸಿಸಿ, ಸರಕಾರದ ಹಣಕಾಸಿನ ನೀತಿಗೂ ಭಾರತದ ದಾರಿದ್ರ್ಯಕ್ಕೂ ಇರುವ ಸಂಬಂಧವನ್ನು ಕುರಿತು ಪ್ರಬಂಧ ಬರೆದ ಈ ವಿದ್ವಾಂಸರು, ಆ ಹಸ್ತಪ್ರತಿಯನ್ನು ಹಿಡಿದುಕೊಂಡು 1929ರಲ್ಲಿ ಸಾಬರಮತಿಗೆ ಹೋಗಿ ಗಾಂಧೀಜಿಯವರನ್ನು ಕಂಡರು. ಗಾಂಧೀಜಿ ಆ ಪ್ರಬಂಧವನ್ನು ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದರು, ಅದರ ಜೊತೆಗೆ ಗುಜರಾತಿನ ಮಾತರ್ ತಾಲ್ಲೂಕಿನ ಆರ್ಥಿಕ ಸಮೀಕ್ಷೆಯ ಭಾರವನ್ನು ಅವರಿಗೆ ವಹಿಸಿದರು. ಹಳ್ಳಿಯಿಂದ ಹಳ್ಳಿಗೆ ತಿರುಗಿ, ರೈತನ ಆದಾಯವೆಷ್ಟು, ಸಾಲವೆಷ್ಟು, ಕಂದಾಯವೆಷ್ಟು ಎಂದು ಬರೆದುಕೊಳ್ಳುವ ಕೆಲಸವದು. ಕುಮಾರಪ್ಪನವರು ತ್ಯಜಿಸಿದ್ದು ಆದಾಯವನ್ನು, ವಿದ್ಯೆಯನ್ನಲ್ಲ. ಸೇವಾಕ್ಷೇತ್ರಕ್ಕೆ ಬರುವಾಗ ತಾವು ಕಲಿತದ್ದನ್ನೆಲ್ಲ ಹೊಸ್ತಿಲ ಆಚೆಗೇ ಇಳಿಸಿ ಬರಬೇಕೆಂದು ಭಾವಿಸುವವರು ಈ ಆರಂಭವನ್ನು ಗಮನಿಸಬೇಕು.

ಅವರ ಸ್ವಭಾವದ ಬಿಗಿ ಪ್ರಕಟವಾದದ್ದು 1934ರ ಬಿಹಾರ ಭೂಕಂಪದ ಪರಿಹಾರಕಾರ್ಯದಲ್ಲಿ. ಬಾಬು ರಾಜೇಂದ್ರಪ್ರಸಾದರ ನೇತೃತ್ವದ ಪರಿಹಾರ ಸಮಿತಿಯ ಲೆಕ್ಕಪತ್ರಗಳು ಅವರ ಕೈಗೆ ಬಂದಾಗ, ಕಾರ್ಯಕರ್ತನೊಬ್ಬನ ದಿನದ ಊಟಕ್ಕೆ ಮೂರಾಣೆಯೆಂದು ಅವರು ನಿಗದಿ ಮಾಡಿದರು. ಕೆಲವು ದಿನಗಳಲ್ಲಿ ಗಾಂಧೀಜಿಯವರೇ ಪರಿವಾರದೊಡನೆ ಪಾಟ್ನಾಕ್ಕೆ ಬಂದರು. ಅವರ ಹಾಲುಹಣ್ಣುಗಳ ವೆಚ್ಚ ಮೂರಾಣೆಯೊಳಗೆ ಮುಗಿಯುವಂತಿರಲಿಲ್ಲ. ಆ ಊಟದ ಖರ್ಚನ್ನಾಗಲಿ ಮೋಟಾರಿನ ಪೆಟ್ರೋಲಿನ ಖರ್ಚನ್ನಾಗಲಿ ಸಂತ್ರಸ್ತರ ನಿಧಿಯಿಂದ ಕೊಡಲಾಗದೆಂದು ಕುಮಾರಪ್ಪನವರು ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿಯವರಿಗೆ ನೇರವಾಗಿ ತಿಳಿಸಿದರು. ಗಾಂಧೀಜಿ ಅದನ್ನು ಒಪ್ಪಿಕೊಂಡರು. ಈ ಪ್ರಸಂಗವನ್ನು ನಿಷ್ಠುರತೆಯ ದೃಷ್ಟಾಂತವಾಗಿ ಹೇಳುವುದುಂಟು. ನನಗಾದರೋ ಅದರಲ್ಲಿ ಕಾಣುವುದು ಕರುಣೆ. ಮನೆ ಬಿದ್ದವನ ಹೆಸರಿನಲ್ಲಿ ಜಮೆಯಾದ ಹಣ ಬೇರೊಬ್ಬನ ಹೆಸರಿನಲ್ಲಿ ಖರ್ಚಾಗಬಾರದೆಂಬುದು, ಎದುರಿಗಿಲ್ಲದ ಆ ಮನುಷ್ಯನನ್ನು ಎದುರಿಗಿದ್ದವನಂತೆ ಕಾಣಬಲ್ಲ ಹೃದಯಕ್ಕೆ ಮಾತ್ರ ಹೊಳೆಯತಕ್ಕ ನಿಯಮ.

ಅದೇ ವರ್ಷದ ಕೊನೆಯಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಸ್ಥಾಪಿತವಾಗಿ, ಕುಮಾರಪ್ಪನವರು ಅದರ ಕಾರ್ಯದರ್ಶಿಗಳಾಗಿ ವಾರ್ಧಾದ ಮಗನವಾಡಿಯಲ್ಲಿ ನೆಲೆಸಿದರು. ಎಣ್ಣೆಯ ಗಾಣ, ಕೈಕಾಗದ, ಜೇನುಸಾಕಣೆ, ತಾಳೆಬೆಲ್ಲ, ಒನಕೆಯಲ್ಲಿ ಕುಟ್ಟಿದ ಅಕ್ಕಿ, ಇವು ಅಲ್ಲಿಯ ಪ್ರಯೋಗಗಳು. ಅವುಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಸೀಮೆಎಣ್ಣೆಯ ಬದಲು ಗಾಣದ ಎಣ್ಣೆಯಿಂದ ಉರಿಯುವ ‘ಮಗನ ದೀಪ’ವೆಂಬ ಸಣ್ಣ ಲಾಂದ್ರ. ಸೀಮೆಎಣ್ಣೆ ತೆಳುವಾದದ್ದು, ಬತ್ತಿಯನ್ನು ಸಲೀಸಾಗಿ ಏರುತ್ತದೆ. ಗಾಣದ ಎಣ್ಣೆ ಮಂದವಾದದ್ದು, ಬತ್ತಿಯ ನಡುವಿನಲ್ಲೇ ಸೋತು ನಿಲ್ಲುತ್ತದೆ, ಕರಿಗಟ್ಟುತ್ತದೆ, ದೀಪ ಮಂಕಾಗುತ್ತದೆ. ಹಣತೆಗೆ ಎಣ್ಣೆ ಹೊಯ್ದು ಬತ್ತಿ ಮೀಟಿದ ನಮ್ಮ ಹಿರಿಯ ಗೃಹಿಣಿಯರೆಲ್ಲರೂ ಬಲ್ಲ ಈ ತೊಡಕನ್ನು ಪರಿಹರಿಸಲು ವಿದೇಶದಲ್ಲಿ ರಾಜಸ್ವಶಾಸ್ತ್ರ ಓದಿದ ಪಂಡಿತರೊಬ್ಬರು ಏಕೆ ಶ್ರಮಿಸಬೇಕು? ಸೀಮೆಎಣ್ಣೆ ಭೂಗರ್ಭದಲ್ಲಿ ಯುಗಯುಗಗಳಿಂದ ಶೇಖರವಾದ ಗಂಟು, ತೆಗೆದಷ್ಟೂ ಕರಗುವಂಥದು, ಒಡೆತನಕ್ಕಾಗಿ ರಾಷ್ಟ್ರಗಳನ್ನು ಕಾದಾಡಿಸುವಂಥದು. ಗಾಣದ ಎಣ್ಣೆಯಾದರೋ ವರ್ಷವರ್ಷವೂ ಹೊಲದಲ್ಲಿ ಮರಳಿ ಹುಟ್ಟಿ, ರೈತನಿಗೂ ಗಾಣಿಗನಿಗೂ ಅನ್ನ ಕೊಟ್ಟು, ತನ್ನ ಹಿಂಡಿಯನ್ನು ದನಕ್ಕೋ ಮಣ್ಣಿಗೋ ಹಿಂದಿರುಗಿಸತಕ್ಕದ್ದು. ಪರಿಹಾರನಿಧಿಯ ಪೆಟ್ರೋಲನ್ನು ನಿರಾಕರಿಸಿದ ಬುದ್ಧಿಯೇ ಈ ಲಾಂದ್ರವನ್ನು ರೂಪಿಸಿತು. ಅಲ್ಲಿ ಸಂತ್ರಸ್ತನ ಗಂಟು, ಇಲ್ಲಿ ಇನ್ನೂ ಹುಟ್ಟದಿರುವವನ ಗಂಟು.

ಈ ವಿವೇಚನೆಯನ್ನು ಅವರು ಶಾಸ್ತ್ರವಾಗಿ ಬೆಳೆಸಿದ್ದು ಜಬಲ್ಪುರದ ಸೆರೆಮನೆಯಲ್ಲಿ ಬರೆದು 1945ರಲ್ಲಿ ಪ್ರಕಟವಾದ ‘ಎಕಾನಮಿ ಆಫ್ ಪರ್ಮನೆನ್ಸ್’ ಗ್ರಂಥದಲ್ಲಿ. ಕಲ್ಲಿದ್ದಲು, ಪೆಟ್ರೋಲಿಯಂ, ಅದಿರುಗಳನ್ನವಲಂಬಿಸಿದ ಬದುಕನ್ನು ಕಟ್ಟಿಟ್ಟ ಜಲಾಶಯಕ್ಕೂ, ಮತ್ತೆ ಮತ್ತೆ ಹುಟ್ಟುವ ಸಂಪತ್ತನ್ನವಲಂಬಿಸಿದ ಬದುಕನ್ನು ಹರಿಯುವ ಪ್ರವಾಹಕ್ಕೂ ಅವರು ಹೋಲಿಸುತ್ತಾರೆ. ಕೊಂದು ತಿನ್ನುವ ಹುಲಿ, ನೆಡದ ಮರದ ಫಲವನ್ನು ಕಿತ್ತುಕೊಳ್ಳುವ ಕಪಿ, ತನ್ನ ಗೂಡನ್ನು ತಾನೇ ಹೆಣೆಯುವ ಹಕ್ಕಿ, ಸಮುದಾಯಕ್ಕಾಗಿ ದುಡಿಯುವ ಜೇನು, ಪ್ರತಿಫಲವೆಣಿಸದೆ ಮರಿಗೆ ಗುಟುಕು ಕೊಡುವ ತಾಯಿಹಕ್ಕಿ, ಎಂದು ಬದುಕಿನ ಐದು ಮೆಟ್ಟಿಲುಗಳನ್ನು ಗುರುತಿಸುತ್ತಾರೆ. ರೈತನ ಮಕ್ಕಳೂ ಅರ್ಥಮಾಡಿಕೊಳ್ಳಬಹುದಾದ ಈ ಸ್ಪಷ್ಟತೆಯೇ ಗ್ರಂಥದ ಹಿರಿಮೆ.

ಆದರೆ ಇಲ್ಲಿಯೇ ನನ್ನ ಆಕ್ಷೇಪವೂ ಹುಟ್ಟುತ್ತದೆ. ತಾಯಿಹಕ್ಕಿಯ ಆದರ್ಶವನ್ನು ವ್ಯಕ್ತಿ ತಾನಾಗಿ ವರಿಸಿದರೆ ಅದು ಪುಣ್ಯ. ಸಂಸ್ಥೆಯೊಂದು ತನ್ನ ನೌಕರನ ಮೇಲೆ ಹೇರಿದರೆ ಅದು ಶೋಷಣೆ. ಕುಮಾರಪ್ಪನವರು ಅವಿವಾಹಿತರು, ವೃದ್ಧ ತಂದೆತಾಯಿಯರ ಔಷಧಿಯೂ ತಂಗಿಯ ಶಾಲೆಯ ಶುಲ್ಕವೂ ಹೆಗಲ ಮೇಲಿರುವ ತರುಣನಿಗೆ ಅವರ ಸರಳ ಬಾಳು ನೇರವಾಗಿ ಅನುಕರಣೀಯವಲ್ಲ. ಸರಳತೆಯನ್ನು ಆರಿಸಿಕೊಳ್ಳುವುದಕ್ಕೂ ಮೊದಲು ಮನುಷ್ಯನಿಗೆ ಆರಿಸಿಕೊಳ್ಳುವಷ್ಟು ಸಂಬಳವಿರಬೇಕು. ಒನಕೆಯ ಅಕ್ಕಿಯ ವಿಷಯವೂ ಹೀಗೆಯೇ. ಗಿರಣಿಯಲ್ಲಿ ತೌಡಿನೊಡನೆ ಸತ್ತ್ವವೂ ಹೋಗುವುದೆಂಬ ಅವರ ವಾದ ಸತ್ಯ. ಆದರೆ ನಸುಕಿನಲ್ಲೆದ್ದು ಒನಕೆ ಹಿಡಿದ ಹೆಂಗಸಿನ ತೋಳುಗಳಿಗೆ ಗಿರಣಿ ಕೊಟ್ಟ ಬಿಡುವೂ ಅಷ್ಟೇ ಸತ್ಯ. ಪರಿಸರವನ್ನುಳಿಸುವ ದುಡಿಮೆಯ ಭಾರ ಯಾರ ಮೈಮೇಲೆ ಬೀಳುತ್ತದೆ ಎಂಬುದು ಅವರ ಕೀರ್ದಿಯಲ್ಲಿ ಇನ್ನಷ್ಟು ದಪ್ಪಕ್ಷರಗಳಲ್ಲಿ ದಾಖಲಾಗಬೇಕಾಗಿತ್ತು.

ಇನ್ನೊಂದು ಮಿತಿಯನ್ನು ನಮ್ಮ ನಾಡಿನ ಅನುಭವವೇ ತೋರಿಸಿಕೊಡುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಖಾದಿಯ ರಾಷ್ಟ್ರಧ್ವಜಗಳು ಸಿದ್ಧವಾಗುತ್ತವೆ. ನೂಲುವವರು, ನೇಯುವವರು, ಬಣ್ಣ ಹಾಕುವವರು, ಹೊಲಿಯುವವರು, ಹೀಗೆ ಎಷ್ಟೋ ಕೈಗಳಿಗೆ ಅದು ಜೀವನಾಧಾರ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಅನುಮತಿ ದೊರೆಯಿತು. ಪೆಟ್ರೋಲಿಯಮ್ಮಿನಿಂದ ಹುಟ್ಟಿದ ನೂಲು ಹತ್ತಿಯ ನೂಲಿನೊಡನೆ ಸ್ಪರ್ಧೆಗಿಳಿಯುವುದಕ್ಕೆ ಒಂದು ಆಜ್ಞೆ ಸಾಕಾಯಿತು. ಒಬ್ಬೊಬ್ಬರ ಮಿತವ್ಯಯ ಎಷ್ಟೇ ನಿರ್ಮಲವಾಗಿದ್ದರೂ ರಾಜ್ಯನೀತಿಯ ಬೆಂಬಲವಿಲ್ಲದೆ ಗ್ರಾಮೋದ್ಯೋಗ ನಿಲ್ಲಲಾರದು. ಕುಮಾರಪ್ಪನವರು ಇದನ್ನು ಅರಿಯದವರಲ್ಲ. ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ 1949ರಲ್ಲಿ ವರದಿ ಒಪ್ಪಿಸಿ, ಉಳುವವನಿಗೆ ಭೂಮಿಯ ಹಕ್ಕು ಬೇಕೆಂದು ಪ್ರತಿಪಾದಿಸಿದವರು ಅವರೇ. ಅವರ ಅನುಯಾಯಿಗಳೆನಿಸಿಕೊಂಡ ನಾವು ಅವರ ಉಡುಪನ್ನು ನೆನಪಿನಲ್ಲಿಟ್ಟು, ವರದಿಯನ್ನು ಮರೆತೆವು.

ಒಟ್ಟಿನಲ್ಲಿ ನನ್ನ ಅಭಿಪ್ರಾಯವಿಷ್ಟು: ಕುಮಾರಪ್ಪನವರ ಮಾರ್ಗದಲ್ಲಿ ಕಾಲಕ್ಕೆ ಸಂದುಹೋಗತಕ್ಕ ಅಂಶಗಳಿವೆ, ಆದರೆ ಲೋಕದ ಹಣಕ್ಕೂ ಲೋಕದ ಮಣ್ಣಿಗೂ ಒಂದೇ ಪುಸ್ತಕದಲ್ಲಿ ಲೆಕ್ಕವಿಡಬೇಕೆಂಬ ಅವರ ತತ್ತ್ವಕ್ಕೆ ಮುಪ್ಪಿಲ್ಲ. ಆದುದರಿಂದ ಸೇವೆಗೆಂದು ಹೊರಡುವ ತರುಣಮಿತ್ರರಲ್ಲಿ ನನ್ನ ಪ್ರಾರ್ಥನೆ: ನಿಮಗೆ ನ್ಯಾಯವಾಗಿ ಸಲ್ಲಬೇಕಾದ ಸಂಬಳವನ್ನು ಸಂಕೋಚವಿಲ್ಲದೆ ಕೇಳಿ ಪಡೆಯಿರಿ, ಸಂಸ್ಥೆಯ ಪ್ರತಿಯೊಂದು ಪ್ರಯಾಣ, ಪ್ರತಿಯೊಂದು ಊಟ, ಪ್ರತಿಯೊಂದು ಹಾಳೆಯ ಎದುರಿಗೆ ಇದು ಯಾರ ಗಂಟಿನಿಂದ ಬಂತೆಂದು ಬರೆದಿಡಿರಿ, ಆ ಪುಸ್ತಕವನ್ನು ನೀವು ಯಾರಿಗಾಗಿ ದುಡಿಯುತ್ತೀರೋ ಅವರು ಕೇಳಿದಾಗ ತೆರೆದು ತೋರಿಸಿರಿ. ಖಾದಿಯನ್ನು ಆಮೇಲೆ ಕೊಳ್ಳಬಹುದು. ಮೊದಲು ಕೀರ್ದಿಯ ಪುಸ್ತಕವನ್ನು ಕೊಳ್ಳಿರಿ.