ಬಂದೂಕಿನ ಕಥೆ, ಬಲಿಯಾದವನ ಕಥೆ

ಸ್ಪೇನಿನ ಬಾಸ್ಕ್ ಸೀಮೆಗೂ ಕಲಬುರಗಿಯ ನೆಹರು ಗಂಜಿಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಫರ್ನಾಂಡೊ ಅರಂಬುರು 2016ರಲ್ಲಿ ಪ್ರಕಟಿಸಿದ ‘ಪಾತ್ರಿಯಾ’ ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದಾಗ ನನಗಂತೂ ಗಂಜು ಮತ್ತೆ ಮತ್ತೆ ನೆನಪಾಯಿತು. ಅದರಲ್ಲಿ ಕೊಲೆಯಾಗುವ ಚಾತೊ ಲಾರಿಗಳ ಮಾಲೀಕ. ಪ್ರತ್ಯೇಕ ರಾಷ್ಟ್ರಕ್ಕಾಗಿ ಶಸ್ತ್ರ ಹಿಡಿದಿದ್ದ ಎಟಾ ಸಂಘಟನೆ ಅವನಿಂದ ಹಣ ಕೇಳುತ್ತದೆ. ಊರ ಗೋಡೆಗಳ ಮೇಲೆ ಅವನ ಹೆಸರು ಮೂಡುತ್ತದೆ. ಜತೆಗೆ ಇಸ್ಪೀಟಾಡುತ್ತಿದ್ದ ಗೆಳೆಯರೂ ಮಾತು ಬಿಡುತ್ತಾರೆ. ಮಾತು ಮತ್ತು ನಂಬಿಕೆಗಳ ಮೇಲೆ ನಡೆಯುವ ತೊಗರಿಪೇಟೆಯಲ್ಲಿ ಒಬ್ಬನಿಗೆ ಯಾರೂ ‘ಬರ್ರಿ’ ಎನ್ನದಿದ್ದರೆ ಅವನ ಗತಿಯೇನೆಂದು ಗಂಜಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುಂಡು ತಾಗುವ ಮೊದಲೇ ಊರು ಅವನನ್ನು ಕೊಂದಿರುತ್ತದೆ. ಈ ಮೊದಲನೆಯ ಸಾವನ್ನು ಕಾಣಿಸಿರುವುದೇ ಕೃತಿಯ ಹಿರಿಮೆ.

ಚಾತೊವಿನ ವಿಧವೆ ಬಿತ್ತೋರಿ ಗಂಡನ ಗೋರಿಯ ಮೇಲೆ ಕುಳಿತು ಅವನೊಡನೆ ಮಾತಾಡುತ್ತಾಳೆ. ಅವಳ ಹಳೆಯ ಗೆಳತಿ ಮಿರೆನ್‌ಳ ಮಗ ಎಟಾ ಸೇರಿ ಸೆರೆಮನೆಯಲ್ಲಿದ್ದಾನೆ. ಆ ತಾಯಿಯ ಹಟವನ್ನೂ ಲೇಖಕರು ಅಷ್ಟೇ ಸಹನೆಯಿಂದ ನೋಡುತ್ತಾರೆ. 125 ಕಿರು ಅಧ್ಯಾಯಗಳಲ್ಲಿ ಕೆಲವು ಎಳೆದಂತಿವೆ, ನಿಜ. ಆದರೆ ಕಣ್ಣು ಎಂದೂ ಬಂದೂಕಿನ ಮೇಲೆ ನೆಡುವುದಿಲ್ಲ. ಮನೆಗಳ ಮೇಲೆ ನೆಡುತ್ತದೆ.

ಚಾತೊ ಕಲ್ಪಿತ, ಮಿಗೆಲ್ ಆಂಖೆಲ್ ಬ್ಲಾಂಕೊ ಕಲ್ಪಿತನಲ್ಲ. ಎರ್ಮುವಾ ಪಟ್ಟಣದ 29 ವರ್ಷದ ಈ ಪುರಸಭಾ ಸದಸ್ಯನನ್ನು ಎಟಾ 1997ರ ಜುಲೈ 10ರಂದು ಅಪಹರಿಸಿತು. ತನ್ನ ಕೈದಿಗಳನ್ನು ಬಾಸ್ಕ್ ಸೀಮೆಯ ಸೆರೆಮನೆಗಳಿಗೆ ತರಬೇಕೆಂದು 48 ಗಂಟೆಗಳ ಗಡುವಿತ್ತು. ಗಡುವು ಮೀರಿದಾಗ ಗುಂಡಿಕ್ಕಿತು. ಲಕ್ಷಾಂತರ ಜನ ಬೀದಿಗಿಳಿದರು. ಇಂದು ಸ್ಪೇನಿನಲ್ಲಿ ಜನರ ನಾಲಗೆಯ ಮೇಲಿರುವುದು ಬ್ಲಾಂಕೊನ ಹೆಸರು, ಹಂತಕರದಲ್ಲ.

ನಮ್ಮಲ್ಲಿ? ಹನೂರು ಕ್ಷೇತ್ರದ ಮಾಜಿ ಸಚಿವ ಎಚ್. ನಾಗಪ್ಪನವರನ್ನು ವೀರಪ್ಪನ್ 2002ರ ಆಗಸ್ಟ್ 25ರಂದು ಕಾಮಗೆರೆಯ ಮನೆಯಿಂದ ಒಯ್ದ. ಡಿಸೆಂಬರ್ 8ರಂದು ಕಾಡಿನಲ್ಲಿ ಸಿಕ್ಕಿದ್ದು ಅವರ ಶವ. ವೀರಪ್ಪನ್ ಎಟಾದಂಥವನಲ್ಲ, ದಂತಚೋರ. ಆದರೂ 2000ರಲ್ಲಿ ರಾಜಕುಮಾರರನ್ನು ಒಯ್ದಾಗ ತಮಿಳು ಉಗ್ರವಾದಿಗಳ ಬೇಡಿಕೆಗಳನ್ನೂ ಮುಂದಿಟ್ಟಿದ್ದ. ಹೋಲಿಕೆ ಅಷ್ಟಕ್ಕೆ ನಿಲ್ಲಲಿ.

ನನ್ನ ಆಕ್ಷೇಪ ನಮ್ಮ ಕಥನಗಳ ಮೇಲೆ. ‘ಅಟ್ಟಹಾಸ’ (2013), ‘ಕಿಲ್ಲಿಂಗ್ ವೀರಪ್ಪನ್’ (2016) ಚಿತ್ರಗಳಾಗಲಿ, ಕಾರ್ಯಾಚರಣೆಯ ಮುಖ್ಯಸ್ಥ ಕೆ. ವಿಜಯಕುಮಾರ್ 2017ರಲ್ಲಿ ಹೊರತಂದ ಪುಸ್ತಕವಾಗಲಿ, ನಡುವೆ ನಿಂತಿರುವವನು ವೀರಪ್ಪನ್. ಬೇಟೆಯ ರೋಚಕತೆಗೆ ಬೇಟೆಯಾದವರು ಬರಿಯ ಮೆಟ್ಟಿಲಾಗಿದ್ದಾರೆ. ಗಂಜಿನ ಹಮಾಲನಿಗೂ ಆ ಮೀಸೆ ಗೊತ್ತು. ನಾಗಪ್ಪನವರ ಮುಖ ಎಷ್ಟು ಮಂದಿಗೆ ನೆನಪಿದೆ?

ಕಾದಂಬರಿಗೆ ಬೇಕಾದ ಸಾಮಗ್ರಿ ಆ ಮನೆಯಲ್ಲಿತ್ತು. ನೂರಕ್ಕೂ ಹೆಚ್ಚು ದಿನ ಕಾದ ಹೆಂಡತಿ ಪರಿಮಳಾ ನಾಗಪ್ಪ 2004ರಲ್ಲಿ ಅದೇ ಹನೂರಿನಿಂದ ಶಾಸಕಿಯಾದರು. ಆ ದಿನಗಳಲ್ಲಿ ನೆರೆಹೊರೆ ಏನು ಮಾತಾಡಿತು, ಯಾವುದನ್ನು ನುಂಗಿತು? ಇದನ್ನು ಪೊಲೀಸ್ ದಾಖಲೆ ಹೇಳದು, ಸಾಹಿತ್ಯ ಹೇಳಬೇಕು. ಮೀಸೆಯ ಮೋಹ ಬಿಟ್ಟು, ಕಾದು ಕುಳಿತವರ ಹೊಸ್ತಿಲಿನಿಂದ ಬರೆಯುವವರು ಕನ್ನಡದಲ್ಲಿ ಮುಂದೆ ಬರಲಿ. ಅಲ್ಲಿಯವರೆಗೆ ನಾವು ಬರೆಯುವುದು ಬಂದೂಕಿನ ಕಥೆಯೇ ಹೊರತು ಮನುಷ್ಯನದಲ್ಲ.