ಗುಂಟೆಯ ಮಾತು, ಚದರಡಿಯ ಮಾತು

ನಮ್ಮ ಕತೆಗಳಲ್ಲಿ, ಸಿನಿಮಾಗಳಲ್ಲಿ ಜಮೀನು ದಲ್ಲಾಳಿ ಬಂದರೆ ಕೊರಳಲ್ಲಿ ದಪ್ಪ ಚಿನ್ನದ ಸರ, ಮೈಮೇಲೆ ಬಿಳಿ ಬಟ್ಟೆ, ಬಾಯಲ್ಲಿ ಬರೀ ಸುಳ್ಳು. ಕೊನೆಗೆ ಅವನಿಗೆ ಶಿಕ್ಷೆಯಾಗುತ್ತದೆ, ಓದುಗನಿಗೆ ಸಮಾಧಾನವಾಗುತ್ತದೆ. ಈ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ದಲ್ಲಾಳಿಯನ್ನು ರಾಕ್ಷಸ ಮಾಡಿ ಕೈತೊಳೆದುಕೊಂಡ ಬರಹಗಾರ ಅವನ ದಿನದ ಕೆಲಸವನ್ನು ಕಣ್ಣಿಟ್ಟು ನೋಡಿಲ್ಲ. ನೋಡಿದ್ದರೆ ಆ ಕೆಲಸ ಬಹುಪಾಲು ಭಾಷೆಯ ಕೆಲಸ ಅಂತ ಗೊತ್ತಾಗುತ್ತಿತ್ತು.

ದೇವನಹಳ್ಳಿ, ಹೊಸಕೋಟೆ, ಆನೇಕಲ್ ಕಡೆ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿನ ಟೀ ಅಂಗಡೀಲಿ ಬೆಳಿಗ್ಗೆ ಒಂದು ಗಂಟೆ ಕೂತು ನೋಡಿ. ಪಹಣಿ, ಮ್ಯುಟೇಷನ್, ಇ.ಸಿ., ಸರ್ವೆ ನಕ್ಷೆ ಕಂಕುಳಲ್ಲಿಟ್ಟುಕೊಂಡೇ ಅವನು ಬರ್ತಾನೆ. ಯಾವ ಮನೇಲಿ ಮಗಳ ಮದುವೆ, ಯಾವ ಅಣ್ಣತಮ್ಮಂದಿರ ನಡುವೆ ಭಾಗದ ಜಗಳ, ಯಾರ ತಲೆ ಮೇಲೆ ಎಷ್ಟು ಸಾಲ, ಎಲ್ಲ ಬಾಯಿಪಾಠ. ಆಮೇಲೆ ರೈತನ ಜಗಲಿ, ಮಧ್ಯಾಹ್ನ ತಾಲ್ಲೂಕು ಕಚೇರಿ, ಸಂಜೆ ಕಾರಲ್ಲಿ ಬಂದವರಿಗೆ ಜಾಗ ತೋರಿಸೋದು. ಕಮಿಷನ್ ನೂರಕ್ಕೆ ಒಂದೋ ಎರಡೋ. ವ್ಯಾಪಾರ ಕುದುರದಿದ್ದರೆ ಪೆಟ್ರೋಲಿನ ದುಡ್ಡೂ ಹುಟ್ಟೋದಿಲ್ಲ. ಎಷ್ಟೋ ಕಡೆ ಅವನು ನಮ್ಮದೇ ಕೇರಿಯ ಹುಡುಗ. ನನ್ನ ಹಾಗೇ ಡಿಗ್ರಿ ಮಾಡಿದವನು, ಕೆಲಸ ಸಿಗದವನು. ಲೇಔಟ್ ಮಾಡುವ ಬಂಡವಾಳಗಾರನಿಗೆ ಕೇರಿಯೊಳಗಿನ ದಾರಿ ಗೊತ್ತಿಲ್ಲ. ಆ ದಾರಿ ತೋರಿಸೋಕೆ ಈ ಹುಡುಗ ಬೇಕು.

ಅವನ ಮಾತನ್ನು ಈಗ ವಿಮರ್ಶೆಗೆ ತೆಗೆದುಕೊಳ್ಳೋಣ. ರೈತನ ಹತ್ತಿರ ಅವನು ಎಕರೆ, ಗುಂಟೆ ಅಂತಾನೆ. ಕೊಳ್ಳುವವರ ಹತ್ತಿರ ಚದರಡಿ ಅಂತಾನೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1089 ಚದರಡಿ. 30×40ರ ಸೈಟು ಅಂದರೆ 1200 ಚದರಡಿ, ಗುಂಟೆಗಿಂತ ಸ್ವಲ್ಪ ಹೆಚ್ಚು. ರಸ್ತೆಗೆ, ಪಾರ್ಕಿಗೆ ಜಾಗ ಬಿಡಬೇಕು, ಖರ್ಚೂ ಇದೆ, ನಿಜ. ಆದರೆ ಎರಡು ಅಳತೆಯ ಎರಡು ಬೆಲೆಯನ್ನೂ ಒಬ್ಬನೇ ಮನುಷ್ಯನ ಮುಂದೆ ಅವನು ಇಡೋದಿಲ್ಲ. ರೈತನಿಗೆ ಚದರಡಿಯ ಬೆಲೆ ತಿಳಿದ ದಿನ ವ್ಯಾಪಾರ ಕೆಡುತ್ತದೆ.

ಅವನ ನಿಘಂಟಿನ ಅತಿ ಪವಿತ್ರ ಪದ 'ಕ್ಲಿಯರ್ ಟೈಟಲ್'. ಈ ಪದವನ್ನು ಬಿಡಿಸಿ ನೋಡಬೇಕು. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಪರರ ಪಾಲಾಗಬಾರದು ಅಂತ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. 1979ರ ಜನವರಿ 1ರಿಂದ ಜಾರಿಯಾಯಿತು. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಭೂಮಿ ಮಾರುವಂತಿಲ್ಲ; ಹಾಗೆ ಕೈತಪ್ಪಿದ ಭೂಮಿಯನ್ನು ಉಪವಿಭಾಗಾಧಿಕಾರಿ ಮುಂದೆ ವಾಪಸ್ ಕೇಳಬಹುದು. 1984ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟ್, ಬಹಳ ವರ್ಷ ತಡೆದು ಬಂದ ಅರ್ಜಿ ನಿಲ್ಲುವುದಿಲ್ಲ ಎಂದಿತು. ದಲಿತ ಸಂಘಟನೆಗಳು ಧರಣಿ ಕೂತವು. 2023ರಲ್ಲಿ ಕಾಲಮಿತಿ ಇಲ್ಲವೆಂಬ ತಿದ್ದುಪಡಿ ಬಂತು.

ಇಷ್ಟು ಇತಿಹಾಸವಿರುವ ಭೂಮಿಗೆ ದಲ್ಲಾಳಿಯ ಬಾಯಲ್ಲಿ ಒಂದೇ ಹೆಸರು: 'ಪಿ.ಟಿ.ಸಿ.ಎಲ್. ಪ್ರಾಬ್ಲಂ'. ಯಾರಿಗೆ ಸ್ವಾಮಿ ಪ್ರಾಬ್ಲಂ? ನಮ್ಮಪ್ಪಂದಿರಿಗೆ ಬೇಲಿಯಾಗಿದ್ದದ್ದು ಇವರ ಮಾತಲ್ಲಿ ರೋಗವಾಯಿತು. 'ಕ್ಲಿಯರ್' ಮಾಡೋದು ಅಂದರೆ ಆ ಬೇಲಿ ಕಿತ್ತುಹಾಕೋದು. ಸೈಟಿನ ಜಾಹೀರಾತಲ್ಲಿ ಏರ್‌ಪೋರ್ಟಿಗೆ ಎಷ್ಟು ನಿಮಿಷ ಅಂತ ಇರುತ್ತದೆ. ಈ ನೆಲ ಯಾರ ದರಖಾಸ್ತಿನದು ಅಂತ ಇರೋದಿಲ್ಲ.

2016ರ ರೇರಾ ಕಾಯ್ದೆ ದಲ್ಲಾಳಿಗೂ ನೋಂದಣಿ ಬೇಕು, ಅವನು ಸುಳ್ಳು ಭರವಸೆ ಕೊಡಬಾರದು ಅನ್ನುತ್ತದೆ. ಒಳ್ಳೆಯದೇ. ಆದರೆ ಅದರ ಕಣ್ಣಿರೋದು ಸೈಟು ಕೊಳ್ಳುವವನ ಮೇಲೆ. ಗುಂಟೆಯ ಕಡೆ ನಿಂತವನು ಅದಕ್ಕೆ ಕಾಣೋದಿಲ್ಲ. ಇತ್ತ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿ, ರೈತನಲ್ಲದವನೂ ಹೊಲ ಕೊಳ್ಳಬಹುದು ಅಂತ ಮಾಡಿದರು. ದಲ್ಲಾಳಿಯ ಮೇಜು ಇನ್ನಷ್ಟು ಅಗಲವಾಯಿತು.

ಹಾಗಂತ ಈ ಭಾಷೆ ಸೋಲದ ಭಾಷೆ ಏನಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಎದುರಿಗಿದ್ದದ್ದು ದಲ್ಲಾಳಿಯಲ್ಲ, ಸರ್ಕಾರವೇ. ಅಲ್ಲಿ ರೈತರು ರೇಟು ಏರಿಸಿ ಅನ್ನಲಿಲ್ಲ, ಕೊಡೋದಿಲ್ಲ ಅಂದರು. ಮೂರು ವರ್ಷ ದಾಟಿದ ಹೋರಾಟದ ನಂತರ 2025ರ ಜುಲೈನಲ್ಲಿ ಸರ್ಕಾರ 1777 ಎಕರೆಯ ಸ್ವಾಧೀನ ಕೈಬಿಟ್ಟಿತು.

ಮೇಷ್ಟ್ರುಗಳೇ, ಗೆಳೆಯರೇ, ನಮ್ಮ ಮನೆಗಳ ಟ್ರಂಕಿನ ತಳದಲ್ಲಿ ಸಾಗುವಳಿ ಚೀಟಿಗಳಿವೆ. ಅಪ್ಪಂದಿರಿಗೆ ಓದೋಕೆ ಬರೋದಿಲ್ಲ, ನಮಗೆ ಬರುತ್ತದೆ. ಅದರಲ್ಲಿರುವ ಷರತ್ತು, ಮಂಜೂರಾದ ತಾರೀಖು, ಸರ್ವೆ ನಂಬರು ಗಟ್ಟಿಯಾಗಿ ಓದಿ ಹೇಳೋಣ. ಪಕ್ಕದಲ್ಲೇ ಚದರಡಿಯ ಲೆಕ್ಕವನ್ನೂ ಹಾಕಿ ತೋರಿಸೋಣ. ದಲ್ಲಾಳಿಯಾದ ತಮ್ಮನನ್ನೂ ಕರೆದು ಕೂರಿಸೋಣ, ಕಾಗದ ಓದೋದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ದಲ್ಲಾಳಿಯ ಮೇಲೆ ಪದ್ಯ ಬರೆಯೋದು ಅದಾದ ಮೇಲೆ.